ಮೂರನೆಯ ಮಾತು ನಮ್ಮದು
(ಹೊಸಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಂಪಿಯಲ್ಲಿ ಆಟೋ ಓಡಿಸೋ ನಮ್ಮ ಕೇರಿ ಹುಡುಗರು ಬಿಳಿಯರ ಜೊತೆ ಇಂಗ್ಲಿಷಿನಲ್ಲೇ ಬಾಡಿಗೆ ಚೌಕಾಸಿ ಮಾಡ್ತಾರೆ. ಅವರೇ ಕಾಲೇಜಿನಲ್ಲಿ ಇಂಗ್ಲಿಷಿಗೆ ಫೇಲು. ನಾಲಿಗೆಯ ಮೇಲೆ ಬದುಕಿದ್ದು ಹಾಳೆಯ ಮೇಲೆ ಯಾಕೆ ಸಾಯ್ತದೆ? ಗೈಡು ಬಾಯಿಪಾಠ ಮಾಡಿಸಿ ಸಾಯಿಸ್ತಾರೆ.

ಕೇಂಬ್ರಿಜ್‌ನವರ ಬಿ-2 ಫಸ್ಟ್ ಅಂತ ಒಂದು ಪರೀಕ್ಷೆ ಇದೆ. 1939ರಲ್ಲಿ ಹುಟ್ಟಿದಾಗ ಅದರ ಹೆಸರು ‘ಲೋಯರ್’ ಸರ್ಟಿಫಿಕೇಟ್. 1975ರಲ್ಲಿ ‘ಫಸ್ಟ್’ ಆಯಿತು. (ಕೀಳು ಅನ್ನೋ ಹೆಸರು ಕಳಚಿಕೊಳ್ಳೋದು ಪರೀಕ್ಷೆಗೆ ಎಷ್ಟು ಸುಲಭ ನೋಡ್ರಿ!)

ಅದರಲ್ಲಿ ಒಂದು ಪ್ರಬಂಧ ಕಡ್ಡಾಯ. 140ರಿಂದ 190 ಪದ. ಎರಡು ವಿಚಾರ ಅವರೇ ಕೊಡ್ತಾರೆ, ಮೂರನೆಯದು ನಿನ್ನದೇ ಆಗಿರಬೇಕು. ಉರು ಹೊಡೆದವನು ಅಲ್ಲೇ ನಿಂತುಬಿಡ್ತಾನೆ. ನಮಗೆ ಹೇಳೋಕೆ ಕಡಿಮೆ ಇದೆಯೇನು? ಸಂಡೂರಿನ ಅದಿರು ಲಾರಿಯ ಧೂಳು, ಕಂಪ್ಲಿ ಗದ್ದೆಯಲ್ಲಿ ಅವ್ವನ ಕೂಲಿ, ಎಲ್ಲಾ ಮೂರನೆಯ ವಿಚಾರವೇ.

ಮಾತಿನ ಪರೀಕ್ಷೆಗೆ ಇಬ್ಬರನ್ನ ಒಟ್ಟಿಗೆ ಕೂರಿಸ್ತಾರೆ, 14 ನಿಮಿಷ. ಜೊತೆಯವನ ಮಾತು ಕೇಳಿಸಿಕೊಂಡು ಉತ್ತರ ಕೊಡಬೇಕು. ಇದಕ್ಕೆ ಟ್ಯೂಷನ್ ಬ್ಯಾಡ. ರಾತ್ರಿ ಊಟ ಆದಮೇಲೆ ಇಬ್ಬಿಬ್ಬರು ಕೂತು ಮಾತಾಡ್ರಿ. ತಪ್ಪಾಗಲಿ, ನಗೋರು ನಗಲಿ. 1913ರಲ್ಲಿ ಕೇಂಬ್ರಿಜ್‌ನವರು ಇಂಥ ಮೊದಲ ಪರೀಕ್ಷೆ ನಡೆಸಿದಾಗ ಕೂತವರು ಮೂವರು, ಮೂವರೂ ಫೇಲು. ಅದೇ ವರ್ಷ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋದರು, ಬರೋಡಾದ ವಿದ್ಯಾರ್ಥಿವೇತನದ ಮೇಲೆ.

ಹೌದು, ದುಡ್ಡು. ಈ ಪರೀಕ್ಷೆಯ ಫೀಸು ಸಾವಿರಗಟ್ಟಲೆ. ಅದನ್ನ ಸಮಾಜ ಕಲ್ಯಾಣ ಇಲಾಖೆ ಕಟ್ಟಲಿ ಅಂತ ಅರ್ಜಿ ಬರೆದು ಬಾಗಿಲ ಹತ್ತಿರ ಇಟ್ಟಿದ್ದೇವೆ. ಬಸ್ಸಿಗೆ ಓಡೋ ಮುಂಚೆ ಸಹಿ ಹಾಕ್ರಿ.

ಜೈ ಭೀಮ್.