ನೋಡಿದ ಚಿತ್ರಕ್ಕೆ ಮತ್ತೆ ಟಿಕೆಟ್



ರೀಮೇಕ್ ವಿಷಯದಲ್ಲಿ ನಮ್ಮ ಗಾಂಧಿನಗರಕ್ಕೆ ಹಳೆಯದೊಂದು ಅಂಜಿಕೆಯಿದೆ. ಮೂಲ ಚಿತ್ರವನ್ನು ಜನ ಮೊದಲೇ ನೋಡಿಬಿಟ್ಟಿದ್ದರೆ ನಮ್ಮದಕ್ಕೆ ಯಾರು ಬರುತ್ತಾರೆ? ಡಿಸ್ನಿ ಕಂಪನಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ತನ್ನ ಹಳೆಯ ಅನಿಮೇಷನ್ ಚಿತ್ರಗಳನ್ನು ನಟರನ್ನಿಟ್ಟು, ಗ್ರಾಫಿಕ್ಸ್ ಹಾಕಿ ಅದು ಮತ್ತೆ ತೆಗೆಯುತ್ತಿರುವುದೇ ಜನ ಅವನ್ನು ನೋಡಿದ್ದಾರೆ ಎಂಬ ಕಾರಣಕ್ಕೆ.

2010ರಲ್ಲಿ ಟಿಮ್ ಬರ್ಟನ್ನರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ 100 ಕೋಟಿ ಡಾಲರ್ ದಾಟಿದಾಗ ಕಂಪನಿಗೆ ದಾರಿ ಕಂಡಿತು. 2017ರಲ್ಲಿ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಸುಮಾರು 126 ಕೋಟಿ ತಂದಿತು. 2019ರಲ್ಲಿ ‘ಅಲ್ಲಾದ್ದೀನ್’ 105 ಕೋಟಿ, ‘ಲಯನ್ ಕಿಂಗ್’ 165 ಕೋಟಿ. ಕೊನೆಯ ಮೂರರ ಮೂಲಗಳು ಬಂದದ್ದು 1991, 1992, 1994ರಲ್ಲಿ. ಅದು ವಿಡಿಯೊ ಕ್ಯಾಸೆಟ್ಟಿನ ಕಾಲ. ಅಮೆರಿಕದ ಮನೆಗಳಲ್ಲಿ ಆ ಕ್ಯಾಸೆಟ್ಟುಗಳನ್ನು ಹಾಕಿ ಹಾಕಿ ನೋಡಿದ ಮಕ್ಕಳು ಇಪ್ಪತ್ತೈದು ವರ್ಷದ ಮೇಲೆ ಅಪ್ಪ ಅಮ್ಮಂದಿರಾಗಿ, ತಮ್ಮ ಮಕ್ಕಳ ಕೈಹಿಡಿದು ಥಿಯೇಟರಿಗೆ ಬಂದರು. ಒಬ್ಬರ ನೆನಪಿಗೆ ಮನೆಮಂದಿಯ ಟಿಕೆಟ್.

ಹಳೆಯದೆಲ್ಲ ಹೀಗೆ ಗೆಲ್ಲುವುದಿಲ್ಲ. 1941ರ ‘ಡಂಬೊ’ 2019ರಲ್ಲಿ ಮತ್ತೆ ಬಂದು 35 ಕೋಟಿಗೆ ನಿಂತಿತು. 1937ರ ‘ಸ್ನೋ ವೈಟ್’ 2025ರಲ್ಲಿ ಗಳಿಸಿದ್ದು 20 ಕೋಟಿಯ ಆಸುಪಾಸು. ಖರ್ಚೇ ಅದಕ್ಕಿಂತ ಹೆಚ್ಚು. ಅದರ ಸುತ್ತ ಗಲಾಟೆಗಳೆದ್ದದ್ದು ನಿಜ. ಆದರೆ ಅದನ್ನು ‘ನಮ್ಮ ಬಾಲ್ಯದ ಚಿತ್ರ’ ಎನ್ನುವ ತಂದೆ ತಾಯಂದಿರು ಇವತ್ತು ಎಷ್ಟು ಮಂದಿ? ಎರಡೇ ತಿಂಗಳ ಬಳಿಕ, 2002ರ ‘ಲಿಲೊ ಆ್ಯಂಡ್ ಸ್ಟಿಚ್’ ಹೊಸ ರೂಪದಲ್ಲಿ ಬಂದು 100 ಕೋಟಿ ಡಾಲರ್ ದಾಟಿತು. ಮೊದಲು ಒಟಿಟಿಗೆಂದು ಯೋಚಿಸಿದ್ದ ಚಿತ್ರ ಅದು!

ನಮ್ಮಲ್ಲೂ ಇದೇ ಆಯಿತು, ಸ್ವಲ್ಪ ಬೇರೆ ರೀತಿಯಲ್ಲಿ. 2016ರಲ್ಲಿ ಜಾನ್ ಫಾವ್ರೊ ಅವರ ‘ಜಂಗಲ್ ಬುಕ್’ ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ತೆರೆಕಂಡು, ಅಲ್ಲಿಯವರೆಗಿನ ಎಲ್ಲ ಹಾಲಿವುಡ್ ಚಿತ್ರಗಳ ಗಳಿಕೆಯನ್ನು ಹಿಂದಿಕ್ಕಿತು. ಇಲ್ಲಿ ಕೆಲಸ ಮಾಡಿದ್ದು ಡಿಸ್ನಿಯ 1967ರ ಚಿತ್ರದ ನೆನಪಲ್ಲ; ತೊಂಬತ್ತರ ದಶಕದ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಜಪಾನಿ ಮೊಗ್ಲಿಯ ನೆನಪು. ಕಂಪನಿಗೂ ಅದು ಗೊತ್ತಿತ್ತು. ಗುಲ್ಜಾರ್ ಬರೆದ ಆ ಧಾರಾವಾಹಿಯ ಹಾಡನ್ನೇ ಮತ್ತೆ ಹಾಡಿಸಿ ಪ್ರಚಾರಕ್ಕೆ ಬಳಸಿತು. ಶೇರ್‌ಖಾನನಿಗೆ ಅಂದು ದನಿ ಕೊಟ್ಟಿದ್ದ ನಾನಾ ಪಾಟೇಕರರೇ ಮತ್ತೆ ದನಿ ಕೊಟ್ಟರು.

ಗಳಿಕೆ ಸರಿ, ಚಿತ್ರ ಹೇಗಿದೆ? ‘ಲಯನ್ ಕಿಂಗ್’ನ ಒಂದೇ ದೃಶ್ಯ ತೆಗೆದುಕೊಳ್ಳಿ. ಕಾಡುಮೃಗಗಳ ಹಿಂಡು ಓಡಿಹೋಗಿದೆ, ಧೂಳು ಇನ್ನೂ ಇಳಿದಿಲ್ಲ, ಮರಿ ಸಿಂಬಾ ಸತ್ತ ತಂದೆಯನ್ನು ಏಳಿಸಲು ನೋಡುತ್ತಿದೆ. 1994ರಲ್ಲಿ ಮಾರ್ಕ್ ಹೆನ್ ಮತ್ತು ಸಂಗಡಿಗರು ಪೆನ್ಸಿಲಿನಲ್ಲಿ ಬರೆದ ಆ ಮರಿಗೆ ಹುಬ್ಬುಗಳಿದ್ದವು. ಹುಬ್ಬು ಮೇಲೇರುತ್ತದೆ, ಕೂಡುತ್ತದೆ, ಕಣ್ಣು ತುಂಬುತ್ತದೆ. ನೋಡುವವರ ಗಂಟಲು ಕಟ್ಟುತ್ತದೆ. 2019ರ ಮರಿಯ ಒಂದೊಂದು ಕೂದಲೂ ನಿಜದಂತಿದೆ. ಆದರೆ ನಿಜವಾದ ಸಿಂಹದ ಮರಿ ಹುಬ್ಬು ಗಂಟಿಕ್ಕಿ ಅಳುವುದಿಲ್ಲವಲ್ಲ! ಅಳು ದನಿಯಲ್ಲಷ್ಟೇ ಉಳಿಯಿತು, ಮುಖಕ್ಕೆ ಬರಲಿಲ್ಲ. ಇಷ್ಟಕ್ಕೂ ಇದನ್ನು ಲೈವ್ ಆ್ಯಕ್ಷನ್ ಎನ್ನುವುದೇ ತಮಾಷೆ. ಇಡೀ ಚಿತ್ರದಲ್ಲಿ ಕ್ಯಾಮೆರಾದಿಂದ ತೆಗೆದದ್ದು ಆರಂಭದ ಸೂರ್ಯೋದಯದ ಒಂದು ಶಾಟ್ ಮಾತ್ರ ಎಂದು ಇದನ್ನೂ ನಿರ್ದೇಶಿಸಿದ ಫಾವ್ರೊ ಅವರೇ ತಿಳಿಸಿದ್ದಾರೆ.

ತಂತ್ರಜ್ಞರ ಶ್ರಮವನ್ನು ನಾನು ಹೀಗಳೆಯುತ್ತಿಲ್ಲ. ಅದರಲ್ಲಿ ನಮ್ಮವರ ಬೆವರಿದೆ. ‘ಜಂಗಲ್ ಬುಕ್’, ‘ಲಯನ್ ಕಿಂಗ್’ ಎರಡಕ್ಕೂ ಗ್ರಾಫಿಕ್ಸ್ ಮಾಡಿದ ಎಂಪಿಸಿ ಸಂಸ್ಥೆಯ ಬೆಂಗಳೂರು ಸ್ಟುಡಿಯೊದ ಕಲಾವಿದರೂ ಅವುಗಳಲ್ಲಿ ದುಡಿದಿದ್ದಾರೆ. ‘ಜಂಗಲ್ ಬುಕ್’ಗೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ಚಿತ್ರಗಳು ಕೋಟಿಗಟ್ಟಲೆ ಗಳಿಸಿದವು. ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹ ಮಾತ್ರ 2025ರ ಫೆಬ್ರುವರಿಯಲ್ಲಿ ಕುಸಿದು, ಇಲ್ಲಿನ ಸ್ಟುಡಿಯೊಗಳೂ ಬಾಗಿಲು ಹಾಕಿದವು. ಬಾಕ್ಸ್ ಆಫೀಸಿನ ಸುದ್ದಿ ಬರೆಯುವವರು ಈ ಸಾಲನ್ನೂ ಸೇರಿಸಿ ಬರೆಯಬೇಕು.

ಇಲ್ಲಿರುವ ತಂದೆ ತಾಯಂದಿರಲ್ಲಿ ಒಂದು ವಿನಂತಿ: ಮಕ್ಕಳಿಗೆ 1994ರ ‘ಲಯನ್ ಕಿಂಗ್’ ಅನ್ನೇ ಮೊದಲು ತೋರಿಸಿ. ಹೊಸದನ್ನು ಆಮೇಲೆ ಬೇಕಾದರೆ ನೋಡಲಿ.