ಬಾವಿಯ ನೀರಿನಲ್ಲಿ ಕರಗಿರುವ ಇಂಗಾಲಾಮ್ಲ ವಾಯುವಿನ ಪರೀಕ್ಷೆ



ನೀರಿಲ್ಲದೆ ಬೆಳೆಯಿಲ್ಲವೆಂಬುದು ಸರ್ವರಿಗೂ ತಿಳಿದ ಸಂಗತಿ. ನೀರಿನಿಂದಲೇ ಭೂಮಿಯು ಕೆಡುವುದುಂಟೆಂಬುದನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಎರೆಹೊಲಗಳಲ್ಲಿ ಸವಳೆದ್ದುದನ್ನು ಕಂಡವರು ಬಲ್ಲರು. ನಿಪ್ಪಾಣಿಯ ತಂಬಾಕಿನ ಸಾಗುವಳಿದಾರರಿಗೂ ಈ ಎಚ್ಚರವು ಅವಶ್ಯ. ಉಪ್ಪುನೀರು ಉಣಿಸಿದ ಎಲೆಯು ಚೆನ್ನಾಗಿ ಉರಿಯಲಾರದು. ಆದಕಾರಣ ನೀರನ್ನು ಪರೀಕ್ಷಿಸಿಯೇ ಭೂಮಿಗೆ ಹಾಯಿಸತಕ್ಕದ್ದು.

ಬೇರುಗಳ ಉಸಿರಾಟದಿಂದಲೂ ಕಸಕಡ್ಡಿಯ ಕೊಳೆಯುವಿಕೆಯಿಂದಲೂ ಮಣ್ಣಿನಲ್ಲಿ ಇಂಗಾಲಾಮ್ಲ ವಾಯುವು ಹುಟ್ಟುತ್ತದೆ. ಇಂಗುವ ಮಳೆನೀರು ಅದನ್ನು ಹೀರಿಕೊಂಡು, ಆ ಬಲದಿಂದ ನೆಲದ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ನೀರು ಮೇಲಕ್ಕೆ ಬಂದೊಡನೆ, ಬಿರಡೆ ತೆಗೆದ ಸೋಡಾ ಸೀಸೆಯಲ್ಲಿರುವಂತೆ, ವಾಯುವು ಹಾರಿಹೋಗುತ್ತದೆ, ಸುಣ್ಣವು ತಳಕ್ಕಿಳಿಯುತ್ತದೆ. ಕೊಳವೆಗಳಲ್ಲಿ ಕಟ್ಟುವ ಬಿಳಿಯ ಹೆಕ್ಕಳಿಕೆಯೂ ಹನಿ ನೀರಾವರಿಯ ರಂಧ್ರಗಳು ಮುಚ್ಚಿಹೋಗುವುದೂ ಇದರ ಫಲವೇ. ಎರಡು ದಿನ ಅರ್ಧ ತುಂಬಿದ ಸೀಸೆಯಲ್ಲಿದ್ದ ನೀರು ಬಾವಿಯ ನೀರಿನ ನಿಜಗುಣವನ್ನು ಹೇಳಲಾರದು.

ಆದುದರಿಂದ ಈ ವಾಯುವಿನ ಪರೀಕ್ಷೆಯನ್ನು ಬಾವಿಯ ಬಳಿಯಲ್ಲಿಯೇ ನಡೆಸಬೇಕು. ಪಂಪನ್ನು ಹತ್ತು ನಿಮಿಷ ನಡೆಸಿ, ಕೊಳವೆಯ ತುದಿಯನ್ನು ಸೀಸೆಯ ತಳಕ್ಕೆ ಮುಟ್ಟಿಸಿ ನಿಧಾನವಾಗಿ ತುಂಬಿ, ನೀರು ಹೊರಚೆಲ್ಲಿದ ಮೇಲೆ ಗುಳ್ಳೆ ಉಳಿಯದಂತೆ ಬಿರಡೆ ಹಾಕಬೇಕು. ಬಳಿಕ ತಿಳಿದವರು 100 ಮಿಲಿ ಲೀಟರು ನೀರಿಗೆ ಫಿನಾಲ್ಫ್ತಲೀನ್ ಕೆಲವು ಹನಿ ಸೇರಿಸಿ, ನಲವತ್ತನಾಲ್ಕನೆಯ ಒಂದಂಶ ನಾರ್ಮಲ್ ಬಲದ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುವರು. ತಿಳಿಯಾದ ಗುಲಾಬಿ ಬಣ್ಣವು ನಿಂತಾಗ, ಖರ್ಚಾದ ಮಿಲಿ ಲೀಟರುಗಳನ್ನು ಹತ್ತರಿಂದ ಗುಣಿಸಿದರೆ, ಲೀಟರಿಗೆ ಇಷ್ಟು ಮಿಲಿ ಗ್ರಾಂ ವಾಯುವಿದೆಯೆಂದು ತಿಳಿಯುವುದು. ಮೊದಲೇ ಗುಲಾಬಿಯಾದರೆ ಬಿಡಿಯಾದ ವಾಯುವಿಲ್ಲವೆಂದರ್ಥ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವುದರಿಂದ ಅದು ಮಕ್ಕಳ ಕೈಗೆ ಸಿಗಬಾರದು.

ಈ ಒಂದೇ ಪರೀಕ್ಷೆಯಿಂದ ನೀರಿನ ಯೋಗ್ಯತೆಯು ನಿರ್ಣಯವಾಗದು. ಅದೇ ಕ್ರಮದಲ್ಲಿ ತುಂಬಿದ ಎರಡನೆಯ ಸೀಸೆಗೆ ಊರು, ಸರ್ವೆ ನಂಬರು, ಬಾವಿಯ ಆಳ, ಬೆಳೆ, ತಾರೀಖುಗಳ ಚೀಟಿ ಅಂಟಿಸಿ, ತಡಮಾಡದೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಉಳಿಕೆ ಸೋಡಿಯಂ ಕಾರ್ಬೊನೇಟು ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಿಮೆಯಿದ್ದರೆ ಆ ಮಟ್ಟಿಗೆ ಭಯವಿಲ್ಲ, 2.5 ಮೀರಿದರೆ ಅಂಥ ನೀರು ಹಾಗೆಯೇ ಹಾಯಿಸಲು ತಕ್ಕುದಲ್ಲ. ಆ ನೀರಿನಲ್ಲಿ ಸುಣ್ಣವು ತಳಕ್ಕಿಳಿದು ಸೋಡಾ ಉಳಿಯುತ್ತದೆ. ಎರೆಮಣ್ಣು ನೀರು ಇಂಗಗೊಡದೆ ಬಿಗಿಯುತ್ತದೆ. ವರದಿಯ ಪ್ರಮಾಣದಂತೆ ಜಿಪ್ಸಂ ಹಾಕುವುದೂ ಬಸಿಗಾಲುವೆ ತೆಗೆಯುವುದೂ ಇದಕ್ಕೆ ಪರಿಹಾರ.

ಕೊನೆಯದಾಗಿ, ಪ್ರಾಣದ ಮಾತು. ಈ ವಾಯುವು ಗಾಳಿಗಿಂತ ಭಾರವಾದುದರಿಂದ ಹಾಳುಬಾವಿಯ ತಳದಲ್ಲಿ ಕಾಣದಂತೆ ನಿಲ್ಲುವುದು. ನೀರಿನ ಮಾದರಿಗಾಗಿ ಯಾರನ್ನೂ ಬಾವಿಗೆ ಇಳಿಸಬಾರದು. ಭಾರ ಕಟ್ಟಿದ ಸೀಸೆಯನ್ನು ಹಗ್ಗದಿಂದ ಇಳಿಬಿಟ್ಟರೆ ಸಾಕು. ಇಳಿಬಿಟ್ಟ ದೀಪವು ಆರಿದರೆ ಕೆಳಗೆ ಮೃತ್ಯುವಿದೆಯೆಂದು ತಿಳಿಯಬೇಕು; ಉರಿದರೂ ಅದನ್ನು ಪೂರ್ಣವಾಗಿ ನಂಬಲಾಗದು. ಒಬ್ಬನು ಒಳಗೆ ಬಿದ್ದಾಗ ಮತ್ತೊಬ್ಬನು ಹಿಂದೆಯೇ ಧುಮುಕದಂತೆ ತಡೆಯುವುದು ಊರ ಹಿರಿಯರ ಕರ್ತವ್ಯ.