ಬಿಡುವಿನ ದಿನದ ಭಾಷೆ

(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ವರದಿಯನ್ನೋದಿ ಕುಳಿತುಬಿಟ್ಟರೆ ಸಭೆಗೆ ಸುಖ. ಆದರೆ ನಾನು ಪರದೇಶದಲ್ಲಿ ಓದಿದ ಒಂದು ವರ್ಷದ ಅನುಭವವನ್ನು ಮಕ್ಕಳಿಗೆ ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ತರಗತಿಯಲ್ಲಿ ಕಲಿತುದನ್ನು ಹೇಳಹೊರಟರೆ ನೀವು ಆಕಳಿಸುವಿರಿ. ಆದಕಾರಣ ಬಿಡುವಿನ ದಿನಗಳಲ್ಲಿ ಕಲಿತುದನ್ನಷ್ಟೆ ಹೇಳುತ್ತೇನೆ. ಹಿಂದಿರುಗಿ ನೋಡಿದರೆ ಉಳಿದಿರುವುದೂ ಅದೇ.

2014ನೆಯ ಇಸವಿಯ ಸೆಪ್ಟೆಂಬರಿನಿಂದ ಒಂದು ವರ್ಷ, ಶಿಕ್ಷಣಶಾಸ್ತ್ರದ ವ್ಯಾಸಂಗಕ್ಕಾಗಿ ನಾನು ವೇಲ್ಸ್ ದೇಶದ ಅಬರಿಸ್ಟ್ವಿತ್ ಎಂಬ ಊರಿನಲ್ಲಿದ್ದೆನು. ಇಂಗ್ಲೆಂಡಿನ ಪಶ್ಚಿಮ ಮಗ್ಗುಲಿಗಿರುವ ಸಣ್ಣ ನಾಡು ಅದು. ನಮ್ಮ ಕಾಸರಗೋಡಿನಂತೆ ಆ ಊರಿಗೂ ಪಶ್ಚಿಮದಲ್ಲಿ ಕಡಲು. ಸೂರ್ಯನು ನೀರಿನಲ್ಲಿ ಮುಳುಗುವುದನ್ನು ಕಂಡಾಗಲೆಲ್ಲ ಮನೆಯ ನೆನಪಾಗುತ್ತಿತ್ತು. ಕಡಲ ದಂಡೆಯಲ್ಲಿ ಸಂಜೆ ನಡೆದುಹೋಗಿ, ದಾರಿ ಮುಗಿದು ಗುಡ್ಡ ಎದುರಾಗುವಲ್ಲಿರುವ ಕಬ್ಬಿಣದ ಕಂಬಿಯನ್ನು ಕಾಲಿನಿಂದ ಒದ್ದು ಹಿಂದಿರುಗುವುದು ಅಲ್ಲಿಯ ವಿದ್ಯಾರ್ಥಿಗಳ ಸಂಪ್ರದಾಯ. ಏಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಾನೂ ಒದ್ದೆನು. ಅಂದಿನಿಂದ ನಾನು ಆ ಊರಿನವನಾದೆನೆಂದು ಸಹಪಾಠಿಗಳು ನಕ್ಕರು.

ಆ ನಾಡಿನ ಸ್ವಂತ ಭಾಷೆ ವೆಲ್ಷ್. ಅದು ಇಂಗ್ಲಿಷಿನ ಉಪಭಾಷೆಯಲ್ಲ. ಬೇರೆಯೇ ಕುಲದ ಪುರಾತನ ಭಾಷೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಅನೇಕ ಶಾಲೆಗಳಲ್ಲಿ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡನ್ನು ತೂಗುಹಾಕುತ್ತಿದ್ದರು. ಆ ಮಗು ವೆಲ್ಷ್ ಆಡಿದ ಮತ್ತೊಂದು ಮಗುವನ್ನು ತೋರಿಸಿಕೊಟ್ಟರೆ ತುಂಡು ಅದರ ಕೊರಳಿಗೆ ದಾಟುವುದು. ದಿನದ ಕೊನೆಗೆ ಯಾರ ಕೊರಳಿನಲ್ಲಿ ಉಳಿಯಿತೋ ಅವರಿಗೆ ಏಟು. ಮಕ್ಕಳೆ, ಗೆಳೆಯನ ಬಾಯಿಂದ ತಾಯ ಮಾತು ಜಾರೀತೇ ಎಂದು ಹೊಂಚುತ್ತ ಕುಳಿತ ಆ ಮಗುವಿನ ಅವಸ್ಥೆಯನ್ನು ಒಂದು ಕ್ಷಣ ಯೋಚಿಸಿರಿ.

1901ರ ಜನಗಣತಿಯ ಕಾಲಕ್ಕೆ ವೇಲ್ಸಿನಲ್ಲಿ ನೂರಕ್ಕೆ ಸುಮಾರು ಐವತ್ತು ಜನ ವೆಲ್ಷ್ ಬಲ್ಲವರಿದ್ದರು. 2021ರಲ್ಲಿ ನೂರಕ್ಕೆ ಹದಿನೆಂಟು ಜನವೂ ಇರಲಿಲ್ಲ. ಇಂಥ ಇಳಿಗಾಲದಲ್ಲಿಯೂ ಆ ಜನ ಕೈಕಟ್ಟಿ ಕುಳಿತವರಲ್ಲ. 1939ರಲ್ಲಿ ಅಬರಿಸ್ಟ್ವಿತ್‌ನಲ್ಲಿಯೇ ಮೊತ್ತಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆಯನ್ನು ತೆರೆದಾಗ ಅದರಲ್ಲಿದ್ದ ಮಕ್ಕಳು ಏಳೇ ಏಳು! ಇಂದು ಆ ನಾಡಿನಲ್ಲಿ ಅಂಥ ಶಾಲೆಗಳು ನೂರಾರು. ನಮ್ಮ ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ನೋಡಿ ನಿಟ್ಟುಸಿರುಬಿಡುವ ಹಿರಿಯರು ಈ ಏಳನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ಶಾಲೆಯೊಂದರಿಂದಲೇ ಭಾಷೆ ಉಳಿಯುವುದಿಲ್ಲವೆಂಬುದನ್ನೂ ಅಲ್ಲಿಯೇ ಕಂಡೆನು. ಅವರು ಭಾಷೆಗೆ ಹಬ್ಬಗಳನ್ನು ಕೊಟ್ಟಿದ್ದಾರೆ. ಮಾರ್ಚ್ 1 ಅವರ ನಾಡಿನ ಸಂತ ಡೇವಿಡನ ದಿನ. 2015ರಲ್ಲಿ ಅದು ಭಾನುವಾರ ಬಂದಿತ್ತು. ಆ ದಿನದ ಆಸುಪಾಸಿನಲ್ಲಿ ಪುಟ್ಟ ಹುಡುಗಿಯರು ಎತ್ತರದ ಕರಿಯ ಟೊಪ್ಪಿಗೆಯಿಟ್ಟು, ಶಾಲು ಹೊದ್ದು ಬರುತ್ತಾರೆ. ಹಳದಿಯ ಡ್ಯಾಫೊಡಿಲ್ ಹೂವನ್ನೋ, ಈರುಳ್ಳಿಯ ಜಾತಿಯದೇ ಆದ ಲೀಕ್ ಎಂಬ ತರಕಾರಿಯನ್ನೋ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ತರಕಾರಿಯನ್ನು ಎದೆಗೆ ಧರಿಸಿಯೂ ಇಷ್ಟು ಗಂಭೀರವಾಗಿ ನಡೆಯಬಲ್ಲ ಜನರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಅವರ ದೊಡ್ಡ ಉತ್ಸವ, ಐಸ್ಟೆದ್‌ವೊಡ್. ಆ ಪದಕ್ಕೆ 'ಕುಳಿತಿರುವಿಕೆ' ಎಂದರ್ಥ. ಕುಳಿತುಕೊಳ್ಳುವುದೆಂಬ ಧಾತುವಿನಿಂದಲೇ ಹುಟ್ಟಿದ ನಮ್ಮ 'ಸದಸ್ಸು' ಎಂಬ ಮಾತಿಗೆ ಸಮ. ಒಂದು ವರ್ಷ ಉತ್ತರದಲ್ಲಿ, ಮರುವರ್ಷ ದಕ್ಷಿಣದಲ್ಲಿ ಎಂಬಂತೆ ಅದು ಊರೂರು ಸುತ್ತುತ್ತದೆ. 2015ರಲ್ಲಿ ಮೈವೊಡ್ ಎಂಬ ಹಳ್ಳಿಯಲ್ಲಿ ನಡೆಯಿತು. ನಾನು ಶುಕ್ರವಾರ ಹೋದೆನು. ಹೊಲಗಳ ನಡುವೆ ಗುಲಾಬಿ ಬಣ್ಣದ ಭಾರಿ ಮಂಟಪ. ಛಂದೋಬದ್ಧ ಕಾವ್ಯದಲ್ಲಿ ಗೆದ್ದ ಕವಿಗೆ ಅಂದು ಪೀಠ. ಕವಿಗಳು ಗುಪ್ತನಾಮದಲ್ಲಿ ಬರೆದು ಕಳುಹಿಸಿರುತ್ತಾರೆ. ಆ ಗುಪ್ತನಾಮವನ್ನು ಕೂಗಿ ಕಹಳೆಯೂದಿದಾಗ ಸಭೆಯ ನಡುವಿನಿಂದ ಗೆದ್ದವನು ಎದ್ದುನಿಲ್ಲಬೇಕು. ಆಮೇಲೆ ಖಡ್ಗವನ್ನು ಒರೆಯಿಂದ ಅರ್ಧ ಹಿರಿದು 'ಶಾಂತಿಯಿದೆಯೇ?' ಎಂದು ಮೂರು ಬಾರಿ ಕೇಳುತ್ತಾರೆ. 'ಶಾಂತಿ' ಎಂದು ಇಡೀ ಸಭೆ ಮೊಳಗುತ್ತದೆ. ವೇದಿಕೆಯ ಮೇಲೆ ಇಂಗ್ಲಿಷಿಗೆ ಎಡೆಯಿಲ್ಲ. ನನ್ನಂಥವರಿಗೆ ಕಿವಿಯಲ್ಲಿ ಅನುವಾದ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕಣ್ಣೊರೆಸಿಕೊಂಡರು. ಒಬ್ಬ ಕವಿ ಎದ್ದುನಿಂತುದಕ್ಕೆ ಒಂದು ನಾಡು ಕಣ್ಣೀರಿಡುವುದನ್ನು ನಾನು ಅಂದು ಕಂಡೆನು.

ಇನ್ನು ನನ್ನ ಲಜ್ಜೆಯ ಸಂಗತಿ. ಮೇ ತಿಂಗಳ ಒಂದು ಶನಿವಾರ, ನಾನು ಬಾಡಿಗೆಗಿದ್ದ ಮನೆಯೊಡತಿ ತಮ್ಮ ಮೊಮ್ಮಗನೊಡನೆ ನನ್ನನ್ನೂ ವಿಹಾರಕ್ಕೆ ಕರೆದೊಯ್ದರು. 1902ರಿಂದ ಓಡುತ್ತಿರುವ ಪುಟ್ಟ ಉಗಿಬಂಡಿಯಲ್ಲಿ ಕಣಿವೆಯನ್ನೇರಿ 'ಸೈತಾನನ ಸೇತುವೆ' ಎಂಬಲ್ಲಿಗೆ ಹೋದೆವು. ಅಲ್ಲಿ ಒಂದರ ಮೇಲೊಂದು ಮೂರು ಸೇತುವೆಗಳಿವೆ. ಹಳೆಯದನ್ನು ಕೆಡವದೆ, ಅದರ ಮೇಲೆಯೇ ಹೊಸದನ್ನು ಕಟ್ಟಿದ್ದಾರೆ. ಎಂಟು ವರ್ಷದ ಆ ಬಾಲಕ ಅಜ್ಜಿಯೊಡನೆ ವೆಲ್ಷ್‌ನಲ್ಲಿ, ನನ್ನೊಡನೆ ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದನು. ನನ್ನಿಂದ ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಎಣಿಸುವುದನ್ನೂ ಕಲಿತನು. ಕೊನೆಗೆ, "ನಿಮ್ಮ ಮಗಳ ಶಾಲೆಯೂ ಇದೇ ಭಾಷೆಯಲ್ಲಿಯೋ?" ಎಂದು ಕೇಳಿದನು.

ನಾನು ಉತ್ತರ ಕೊಡಲಿಲ್ಲ. ಕನ್ನಡ ಶಾಲೆಯ ಅನ್ನವನ್ನುಂಡು ಬದುಕುತ್ತಿದ್ದ ನಾನು ನನ್ನ ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದೆನು. ಇಲ್ಲಿರುವ ಅನೇಕರಿಗೆ ಇದು ತಿಳಿದಿತ್ತು. ಸೌಜನ್ಯದಿಂದ ಯಾರೂ ಕೇಳಿರಲಿಲ್ಲ. ಸಮುದ್ರದಾಚೆಯ ಒಂದು ಮಗು ಕೇಳಿತು. ಊರಿಗೆ ಬಂದವನು ನನ್ನ ಪತ್ನಿಯೊಡನೆ ಆಲೋಚಿಸಿ, ಮರುವರ್ಷ ಮಗಳನ್ನು ಈ ಶಾಲೆಯ ಐದನೆಯ ತರಗತಿಗೆ ಸೇರಿಸಿದೆನು. ಮೊದಲ ಆರು ತಿಂಗಳು ಅವಳಿಗೆ ಕಷ್ಟವಾಯಿತು. ಆ ಕಷ್ಟಕ್ಕೆ ಕಾರಣನು ನಾನೇ ಹೊರತು ಕನ್ನಡವಲ್ಲ.

ಪೋಷಕರೆ, ಇಂಗ್ಲಿಷು ಬೇಡ, ಮಲೆಯಾಳ ಬೇಡ ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಚೆನ್ನಾಗಿ ಕಲಿಯಲಿ. 1956ರಿಂದ ಕೇರಳದಲ್ಲಿರುವ ನಮಗೆ ಅದು ಅವಶ್ಯಕ. ಮನೆಯ ಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದೂ ಬೆಳೆಯಲಿ. ಮೇಲಿನ ಸೇತುವೆಗಾಗಿ ಕೆಳಗಿನದನ್ನು ಕೆಡವಬೇಡಿರಿ, ಅಷ್ಟೆ. ಸೋಮವಾರದಿಂದ ಶುಕ್ರವಾರದವರೆಗೆ ಪಾಠದಲ್ಲಿ ಮಾತ್ರ ಉಸಿರಾಡುವ ಭಾಷೆ ಪರೀಕ್ಷೆಯೊಡನೆ ಮುಗಿಯುತ್ತದೆ. ಬಿಡುವಿನ ದಿನ ನಗುವುದಕ್ಕೂ ಜಗಳವಾಡುವುದಕ್ಕೂ ಬರುವ ಭಾಷೆ ಬಾಳುತ್ತದೆ.

ಆದಕಾರಣ ನನ್ನದೊಂದು ವಿಜ್ಞಾಪನೆ. ಬರುವ ವರ್ಷದಿಂದ ತಿಂಗಳಿಗೊಂದು ಶನಿವಾರ ಮಕ್ಕಳೊಡನೆ ಹೊರಡೋಣ: ಮಂಜೇಶ್ವರದ ಗೋವಿಂದ ಪೈಗಳ ಮನೆಗೆ, ಪಾರ್ತಿಸುಬ್ಬನ ಕುಂಬಳೆಗೆ, ಬೇಕಲದ ಕೋಟೆಗೆ. ಬುತ್ತಿಯನ್ನು ತಾಯಂದಿರು ಕಟ್ಟಿಕೊಡಲಿ. ಕಥೆ ಹೇಳುವುದಕ್ಕೆ ಅಜ್ಜಂದಿರು ಜೊತೆಗೆ ಬರಲಿ. ಮೊದಲ ಶನಿವಾರದ ಬಸ್ಸಿನ ಖರ್ಚು ನನ್ನದು.